ಹಳೇ ಗೋಡೆ, ಹೊಸ ಗಾಜು (ಭಾಗ 6)

ನಮ್ಮ ಅಕೌಂಟ್ಸ್ ಕ್ಲಾಸಲ್ಲಿ ಕಟ್ಟಡ ಅಂದ್ರೆ ಡಿಪ್ರಿಸಿಯೇಷನ್. ವರ್ಷ ವರ್ಷ ಬೆಲೆ ಇಳೀತಾ ಹೋಗುತ್ತೆ, ಕೊನೆಗೆ ಸ್ಕ್ರ್ಯಾಪ್. ಬರ್ಲಿನ್‌ನ ಜರ್ಮನ್ ಇತಿಹಾಸ ಮ್ಯೂಸಿಯಂ ಬಗ್ಗೆ ಓದಿದ ಮೇಲೆ ಈ ಲೆಕ್ಕ ಅರ್ಧ ಮಾತ್ರ ಅನ್ನಿಸ್ತು.

ಅದರ ಹಳೇ ಕಟ್ಟಡ ತ್ಸೊಯ್ಗ್‌ಹೌಸ್, 1730ರ ಹೊತ್ತಿಗೆ ಮುಗಿದ ಶಸ್ತ್ರಾಗಾರ. ಹೊರಗೆಲ್ಲ ಯುದ್ಧದ ವೈಭವ. ಒಳ ಅಂಗಳದಲ್ಲಿ ಮಾತ್ರ ಸಾಯ್ತಿರೋ ಸೈನಿಕರ 22 ಮುಖಗಳು, ಶಿಲ್ಪಿ ಆಂಡ್ರಿಯಾಸ್ ಶ್ಲೂಟರ್ ಮಾಡಿದ್ದು. ಗೆಲುವು ಹೊರಗೆ, ಅದಕ್ಕೆ ತೆತ್ತ ಬೆಲೆ ಒಳಗೆ. ಮುಂದೆ ಪೂರ್ವ ಜರ್ಮನಿ ಸರ್ಕಾರ ಇದೇ ಕಟ್ಟಡದಲ್ಲಿ ತನಗೆ ಬೇಕಾದ ಥರ ಇತಿಹಾಸ ಹೇಳ್ತು.

2003ರಲ್ಲಿ ಇದರ ಹಿಂದೆಯೇ ವಾಸ್ತುಶಿಲ್ಪಿ ಐ. ಎಂ. ಪೇ ಅವರ ಹೊಸ ಕಟ್ಟಡ ತೆರೆಯಿತು. ಹಳೇದರ ಕಾಪಿ ಅಲ್ಲ. ಗಾಜು, ಉಕ್ಕು, ಸುತ್ತಿ ಏರೋ ಮೆಟ್ಟಿಲು. ಒಳಗೆ ನಿಂತ್ರೆ ಗಾಜಿನಾಚೆ ಹಳೇ ಗೋಡೆ ಕಾಣುತ್ತೆ.

'ಮ್ಯಾಚ್ ಆಗಲ್ಲ' ಅನ್ನೋರು ಇರ್ತಾರೆ. ನಾನು ಒಪ್ಪಲ್ಲ. ಇತಿಹಾಸದ ಮ್ಯೂಸಿಯಂ ಹೊಸದಕ್ಕೆ ಹಳೇ ವೇಷ ಹಾಕಬಾರದು. ತಾನು ಯಾವ ಕಾಲದ್ದು ಅಂತ ಗೋಡೆಯೇ ಸುಳ್ಳು ಹೇಳಿದ್ರೆ ಒಳಗಿನ ಬೋರ್ಡನ್ನ ನಂಬೋದು ಹೇಗೆ?

ನಿಮ್ಮೂರಿನ ಹಳೇ ಕಟ್ಟಡಕ್ಕೆ ಹೊಸ ಭಾಗ ಸೇರಿಸಿದ್ರೆ ಅದೇ ಥರ ಇರಬೇಕಾ, ಬೇರೆ ಕಾಣಬೇಕಾ? ಕಾಮೆಂಟಲ್ಲಿ ಜಗಳ ಆಡೋಣ, ಬನ್ನಿ.