ದಿಗ್ಬಂಧನದ ಧರ್ಮ

'ಆರ್ಥಿಕ ದಿಗ್ಬಂಧನ' ಎಂಬ ಮಾತು ಪತ್ರಿಕೆಗಳಲ್ಲಿ ಈಗ ಮೇಲಿಂದ ಮೇಲೆ ಕಾಣುತ್ತದೆ. ಕನ್ನಡ ಅಧ್ಯಾಪಕನಾದ ನನಗೆ ಅದನ್ನು ಕಂಡಾಗಲೆಲ್ಲ ಒಂದು ಸೋಜಿಗ. ಜಪಕ್ಕೆ ಕುಳಿತವನು ಕೇಡು ಒಳನುಗ್ಗದಂತೆ ತನ್ನ ಸುತ್ತ ದಿಕ್ಕುಗಳನ್ನು ಕಟ್ಟಿಕೊಳ್ಳುವ ವಿಧಿಗೆ ನಮ್ಮ ಹಿರಿಯರು ದಿಗ್ಬಂಧನವೆಂದರು. ರಾಜಕಾರಣದಲ್ಲಾದರೋ ಪರರ ಸುತ್ತ ಕಟ್ಟುವುದೇ ದಿಗ್ಬಂಧನ. ಕಾಯಿದೆಯಲ್ಲಿ ಹೆಸರಿರುವುದು ಸರ್ಕಾರದ್ದು. ಅದರ ಬಿಗಿಗೆ ಸಿಕ್ಕುವವರು ಬೇರೆಯವರು.

ಇದನ್ನರಿಯಲು ಬೆಂಗಳೂರಿಗರು ದೂರ ಹೋಗಬೇಕಾಗಿಲ್ಲ. 1998ರ ಮೇ ತಿಂಗಳಲ್ಲಿ ಪೋಖರಣದಲ್ಲಿ ಅಣುಪರೀಕ್ಷೆ ನಡೆದೊಡನೆ, ಅಮೆರಿಕವು 1994ರಲ್ಲಿಯೇ ಮಾಡಿಟ್ಟುಕೊಂಡಿದ್ದ ಕಾಯಿದೆಯ ಮೇರೆಗೆ ಭಾರತದ ಮೇಲೆ ನಿರ್ಬಂಧ ಹೇರಿತು. ನಿರ್ಧಾರ ದೆಹಲಿಯದು, ಪೆಟ್ಟು ಬಿದ್ದುದು ನಮ್ಮ ಊರಿನ ಪ್ರಯೋಗಶಾಲೆಗಳಿಗೂ. ಲಘು ಯುದ್ಧವಿಮಾನದ ಹಾರಾಟ ನಿಯಂತ್ರಣದ ಕೆಲಸಕ್ಕಾಗಿ ಅಮೆರಿಕದಲ್ಲಿದ್ದ ನಮ್ಮ ವಿಜ್ಞಾನಿಗಳು ಕೆಲಸವನ್ನು ಅರ್ಧಕ್ಕೆ ಬಿಟ್ಟು ಮರಳಬೇಕಾಯಿತು. ಅವರು ಅದನ್ನು ಇಲ್ಲಿಯೇ ಪೂರೈಸಿದರು. 2001ರ ಜನವರಿ 4ರಂದು ವಿಮಾನ ಬೆಂಗಳೂರಿನ ಬಾನಿಗೇರಿತು. ನಾನು ವಾಸಿಸುವ ಜಯನಗರದಲ್ಲಿ ಇಂಥ ಸಂಸ್ಥೆಗಳಲ್ಲಿ ದುಡಿದು ನಿವೃತ್ತರಾದವರು ಕಡಮೆಯಿಲ್ಲ. ಅವರಿಗೆ ಇದು ಅಭಿಮಾನದ ಸಂಗತಿ. ಅಭಿಮಾನ ನ್ಯಾಯವಾದುದೇ.

ಆದರೆ ಇಷ್ಟರಿಂದ ದಿಗ್ಬಂಧನ ಬರಿಯ ಬೆದರುಬೊಂಬೆಯೆಂದು ತಿಳಿಯುವುದು ತರವಲ್ಲ. ನಮ್ಮದು ದೊಡ್ಡ ದೇಶ, ತಡೆದುಕೊಂಡಿತು. ಇರಾಕಿನ ಗತಿ ಬೇರೆ. 1990ರ ಆಗಸ್ಟಿನಲ್ಲಿ ವಿಶ್ವಸಂಸ್ಥೆ ವಿಧಿಸಿದ ದಿಗ್ಬಂಧನವು ಔಷಧಿಗೆ ವಿನಾಯಿತಿ ಕೊಟ್ಟಿತ್ತು. ಆದರೂ ಎಣ್ಣೆ ಮಾರಲಾಗದ ನಾಡಿನಲ್ಲಿ ಔಷಧಿ ಕೊಳ್ಳಲು ಹಣವೆಲ್ಲಿಯದು? ಆಳುವವನ ಅರಮನೆಯಲ್ಲಿ ದೀಪ ಆರಲಿಲ್ಲ; ಬಡವನ ಮಗು ಹಾಸಿಗೆ ಹಿಡಿಯಿತು. ಬಾಗ್ದಾದಿನಲ್ಲಿ ವಿಶ್ವಸಂಸ್ಥೆಯ ಪರಿಹಾರಕಾರ್ಯದ ಹೊಣೆ ಹೊತ್ತಿದ್ದ ಡೆನಿಸ್ ಹ್ಯಾಲಿಡೇ ಅವರೇ ಇದನ್ನು ಸಹಿಸದೆ 1998ರಲ್ಲಿ ಪದವಿ ತೊರೆದರು.

ಹಾಗಾದರೆ ಇಂಥ ಕಾಯಿದೆಗಳೆಲ್ಲ ಅಧರ್ಮವೇ? ಹಾಗೆನ್ನಲು ನಾನು ಸಿದ್ಧನಿಲ್ಲ. ದಕ್ಷಿಣ ಆಫ್ರಿಕದ ವರ್ಣನೀತಿಯನ್ನು ಪ್ರತಿಭಟಿಸಿ 1946ರಲ್ಲಿ ಮೊದಲು ವ್ಯಾಪಾರ ನಿಲ್ಲಿಸಿದ ದೇಶ ಭಾರತವೇ. ಅಲ್ಲಿ ಭಾರತೀಯರ ಭೂಮಿಯ ಹಕ್ಕಿಗೆ ಕತ್ತರಿ ಹಾಕುವ ಕಾಯಿದೆ ಬಂದಿತ್ತು, ಅವರು ಸತ್ಯಾಗ್ರಹಕ್ಕಿಳಿದಿದ್ದರು. ಮುಂದೆ 1959ರಲ್ಲಿ ಆಲ್ಬರ್ಟ್ ಲುಥುಲಿ ತಮ್ಮ ನಾಡಿನ ಸರಕನ್ನು ಕೊಳ್ಳಬೇಡಿರೆಂದು ಹೊರಗಿನ ಜನರನ್ನು ತಾವೇ ಬೇಡಿದರು. ಕಷ್ಟ ತಮಗೂ ತಟ್ಟುವುದೆಂದು ಬಲ್ಲವರ ಬೇಡಿಕೆ ಅದು.

ಭೇದವಿರುವುದು ಇಲ್ಲಿಯೇ. ನೊಂದವರು ತಾವಾಗಿ ಕೇಳಿದ ಉಪವಾಸ ವ್ರತ. ಪರರು ಹೇರಿದ ಉಪವಾಸ ಹಸಿವು. ಇನ್ನೊಂದು ದೇಶದ ದಿಕ್ಕುಗಳನ್ನು ಕಟ್ಟಹೊರಟವರು ಆ ದೇಶದ ಸಾಮಾನ್ಯರ ಮಾತನ್ನು ಮೊದಲು ಆಲಿಸಬೇಕು. ಯಾವ ಅನ್ಯಾಯ ನಿಂತರೆ ಕಟ್ಟು ಬಿಚ್ಚುವುದೆಂಬುದನ್ನು ಕಾಯಿದೆಯಲ್ಲಿಯೇ ಬರೆದಿಡಬೇಕು. ಕಟ್ಟುವ ಬಲವುಳ್ಳವರಿಗೆ ಬಿಚ್ಚುವ ಹೊಣೆಯೂ ಉಂಟು.