ಶಾಂತಿ ಸಭೆಯಲ್ಲಿ ಆಕೆಯ ಕುರ್ಚಿ ಎಲ್ಲಿ?

ಗಂಗಾವತಿ ತಾಲ್ಲೂಕಿನ ಮರಕುಂಬಿ ಗ್ರಾಮದ ಪ್ರಕರಣದಲ್ಲಿ 2024ರ ಅಕ್ಟೋಬರ್ 24ರಂದು ಕೊಪ್ಪಳದ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ, ಮೂವರಿಗೆ ಐದು ವರ್ಷಗಳ ಶಿಕ್ಷೆ ವಿಧಿಸಿದಾಗ ಇಡೀ ದೇಶ ಒಂದು ಕ್ಷಣ ಈ ಜಿಲ್ಲೆಯತ್ತ ತಿರುಗಿ ನೋಡಿತು. ಜಾತಿ ದೌರ್ಜನ್ಯದ ಒಂದೇ ಪ್ರಕರಣದಲ್ಲಿ ಇಷ್ಟೊಂದು ಜನರಿಗೆ ಶಿಕ್ಷೆಯಾದದ್ದು ಅಪರೂಪ. 2014ರ ಆಗಸ್ಟ್‌ನಲ್ಲಿ ಆ ಊರಿನ ದಲಿತ ಕೇರಿಯ ಮನೆಗಳಿಗೆ ಬೆಂಕಿ ಇಡಲಾಗಿತ್ತು. ಕ್ಷೌರದಂಗಡಿ ಮತ್ತು ಹೋಟೆಲುಗಳಲ್ಲಿ ದಲಿತರಿಗೆ ಪ್ರವೇಶ ನಿರಾಕರಿಸಿದ್ದು ಮೂಲ ಕಾರಣ. ಗಂಗಾವತಿಯ ಚಿತ್ರಮಂದಿರವೊಂದರಲ್ಲಿ ನಡೆದ ಜಗಳ ಅದಕ್ಕೊಂದು ನೆಪ. ತೀರ್ಪು ಬಂದ ಮರುತಿಂಗಳೇ ಹೈಕೋರ್ಟಿನ ಧಾರವಾಡ ಪೀಠ ಶಿಕ್ಷಿತರಲ್ಲಿ ಬಹುತೇಕರಿಗೆ ಜಾಮೀನು ನೀಡಿತು.

ಈ ಹತ್ತು ವರ್ಷಗಳ ಕಥೆಯನ್ನು ನಾವು ಆರೋಪಿಗಳ ಸಂಖ್ಯೆ, ಸಾಕ್ಷಿಗಳ ಸಂಖ್ಯೆ, ಶಿಕ್ಷೆಯ ಪ್ರಮಾಣಗಳಲ್ಲಿ ಓದಿದೆವು. ಸುಟ್ಟ ಮನೆಯಲ್ಲಿ ಮಾರನೆಯ ದಿನ ಒಲೆ ಹೊತ್ತಿಸಬೇಕಾದವಳು ಯಾರು? ಗಂಡ, ಮಗ, ಮೈದುನ ಜೈಲು ಸೇರಿದಾಗ ವಕೀಲರ ಶುಲ್ಕಕ್ಕೆ ಸಾಲ ಎತ್ತಬೇಕಾದವಳು ಯಾರು? ಎರಡೂ ಪ್ರಶ್ನೆಗಳಿಗೆ ಉತ್ತರ ಒಂದೇ. ಆದರೂ ಊರಿನಲ್ಲಿ ಮುಂದೆ ಹೇಗೆ ಬಾಳಬೇಕು ಎಂದು ಚರ್ಚಿಸುವ ಕಡೆ ಆಕೆಗೆ ಸ್ಥಾನವಿರುವುದಿಲ್ಲ.

ಮರಕುಂಬಿ ಒಂಟಿ ಘಟನೆಯಲ್ಲ. ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ 2021ರ ಸೆಪ್ಟೆಂಬರ್‌ನಲ್ಲಿ ದಲಿತ ಕುಟುಂಬದ ಪುಟ್ಟ ಮಗುವೊಂದು ಹನುಮಂತನ ಗುಡಿಯೊಳಕ್ಕೆ ಓಡಿಹೋಯಿತೆಂಬ ಕಾರಣಕ್ಕೆ ಶುದ್ಧೀಕರಣದ ಹೆಸರಿನಲ್ಲಿ ದಂಡ ಕೇಳಲಾಯಿತು. ದೂರು ಕೊಡಲು ಆ ಕುಟುಂಬವೇ ಹಿಂಜರಿಯಿತು. ಅಂದಿನ ಗಂಗಾವತಿ ತಾಲ್ಲೂಕಿನಿಂದ ಬೇರ್ಪಟ್ಟು ಈಗ ಕನಕಗಿರಿ ತಾಲ್ಲೂಕಿಗೆ ಸೇರಿರುವ ಹುಲಿಹೈದರದಲ್ಲಿ 2022ರ ಆಗಸ್ಟ್‌ನಲ್ಲಿ ಎರಡು ಸಮುದಾಯಗಳ ನಡುವಿನ ಘರ್ಷಣೆ ಇಬ್ಬರ ಪ್ರಾಣ ತೆಗೆಯಿತು. ಯಲಬುರ್ಗಾ ತಾಲ್ಲೂಕಿನ ಸಂಗನಾಳದಲ್ಲಿ 2024ರ ಆಗಸ್ಟ್‌ನಲ್ಲಿ ದಲಿತ ಯುವಕನೊಬ್ಬ ಕ್ಷೌರದಂಗಡಿಯಲ್ಲಿ ನಡೆದ ಜಗಳದಲ್ಲಿ ಕೊಲೆಯಾದ.

ಇಂತಹ ಘಟನೆಗಳ ನಂತರ ನಡೆಯುವ ಶಾಂತಿ ಸಭೆಗಳ ಸ್ವರೂಪ ನನಗೆ ತಿಳಿದದ್ದೇ. ಸೇವೆಯಲ್ಲಿದ್ದಾಗ ಅಂತಹ ಹಲವು ಸಭೆಗಳ ಅಧ್ಯಕ್ಷತೆ ವಹಿಸಿದ್ದೇನೆ. ಮೇಜಿನ ಒಂದು ಕಡೆ ಅಧಿಕಾರಿಗಳು, ಇನ್ನೊಂದು ಕಡೆ ಎರಡೂ ಪಂಗಡಗಳ ಹಿರಿಯರು. ಎಲ್ಲರೂ ಗಂಡಸರು. ಮೊದಲ ಸುತ್ತು ಆರೋಪ, ಎರಡನೆಯ ಸುತ್ತು ಚಹ, ಮೂರನೆಯ ಸುತ್ತು ಕೈಕುಲುಕುವಿಕೆ. ಒಮ್ಮೆ ಸಭೆ ಮುಗಿಸಿ ಜೀಪು ಹತ್ತುವ ಹೊತ್ತಿಗೆ ಹೊರಗೆ ಕಾದು ನಿಂತಿದ್ದ ಹೆಂಗಸರಲ್ಲಿ ಒಬ್ಬಾಕೆ ಮುಂದೆ ಬಂದು, "ಸಾಹೇಬ್ರ, ಸಾಲಿ ಯಾವಾಗ ಸುರು ಮಾಡ್ತೀರಿ? ಹುಡುಗಿ ಎಂಟು ದಿನದಿಂದ ಮನ್ಯಾಗ ಕುಂತೈತಿ. ಇನ್ನ ನಾಕು ದಿನ ಹಿಂಗ ಕುಂತ್ರ ಅವರಪ್ಪ ಮದಿವಿ ಮಾಡಿಬಿಡ್ತಾನ" ಎಂದಳು. ಒಳಗೆ ಎರಡು ಗಂಟೆ ನಡೆದ ಸಭೆಯಲ್ಲಿ ಶಾಲೆ ಎಂಬ ಪದವೇ ಬಂದಿರಲಿಲ್ಲ. ಅಂದಿನ ನಡಾವಳಿಯಲ್ಲಿ 'ಸಂಬಂಧಪಟ್ಟ ಎಲ್ಲರೂ ಹಾಜರಿದ್ದರು' ಎಂದು ಬರೆಸಿ ಸಹಿ ಹಾಕಿದವನು ನಾನೇ.

ಆ ತಾಯಿಯ ಆತಂಕಕ್ಕೆ ಆಧಾರವಿದೆ. ಹಳ್ಳಿಯಲ್ಲಿ ಉದ್ವಿಗ್ನತೆ ಉಂಟಾದಾಗ ಮೊದಲು ನಿಲ್ಲುವುದು ಹೆಣ್ಣುಮಕ್ಕಳ ಓದು. ಗಂಡುಮಗ ಪಕ್ಕದ ಊರಿನ ಪ್ರೌಢಶಾಲೆಗೆ ಹೇಗೋ ಹೋಗಿಬರುತ್ತಾನೆ, ಹುಡುಗಿಯನ್ನು ಮಾತ್ರ 'ಕಾಲ ಸರಿಯಿಲ್ಲ' ಎಂದು ಮನೆಯಲ್ಲಿ ಉಳಿಸಿಕೊಳ್ಳುತ್ತಾರೆ. ಉಳಿದವಳು ಮರಳಿ ಹೋಗುವುದು ಕಡಿಮೆ. 2011ರ ಜನಗಣತಿಯ ಪ್ರಕಾರ ಕೊಪ್ಪಳ ಜಿಲ್ಲೆಯಲ್ಲಿ ಪುರುಷರ ಸಾಕ್ಷರತೆ ಶೇ 78.5ರಷ್ಟಿದ್ದರೆ ಮಹಿಳೆಯರದು ಶೇ 57.5ರ ಆಸುಪಾಸಿನಲ್ಲಿತ್ತು. ರಾಜ್ಯದ ಮಹಿಳಾ ಸಾಕ್ಷರತೆ ಅದೇ ವರ್ಷ ಶೇ 68 ಇತ್ತು. 2001ರಲ್ಲಿ ಜಿಲ್ಲೆಯ ಮಹಿಳೆಯರಲ್ಲಿ ಸಾಕ್ಷರರು ನೂರಕ್ಕೆ 40ರಷ್ಟು ಮಾತ್ರ ಎಂಬುದನ್ನು ನೆನೆದರೆ ಇದು ದೊಡ್ಡ ಜಿಗಿತವೇ. ಆದರೆ ಹೀಗೆ ಕಷ್ಟಪಟ್ಟು ಗಳಿಸಿದ್ದನ್ನು ಒಂದು ರಾತ್ರಿಯ ಗಲಭೆ ಕಸಿದುಕೊಳ್ಳಬಲ್ಲದು.

ಹೊರಜಗತ್ತು ಈ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿತಿದೆ. ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2000ದ ಅಕ್ಟೋಬರ್ 31ರಂದು ಅಂಗೀಕರಿಸಿದ 1325ನೇ ನಿರ್ಣಯ, ಸಂಘರ್ಷ ಪರಿಹಾರದ ಎಲ್ಲ ಹಂತಗಳಲ್ಲೂ ಮಹಿಳೆಯರಿಗೆ ಸ್ಥಾನ ಇರಬೇಕೆಂದು ಹೇಳಿತು. ಲೈಬೀರಿಯಾದಲ್ಲಿ 2003ರಲ್ಲಿ ಕ್ರೈಸ್ತ ಮತ್ತು ಮುಸ್ಲಿಂ ಮಹಿಳೆಯರು ಒಟ್ಟಾಗಿ ಬೀದಿಗಿಳಿದು ಸೇನಾ ನಾಯಕರನ್ನು ಮಾತುಕತೆಗೆ ಕೂರಿಸಿದರು. ಅವರ ಮುಂದಾಳು ಲೇಮಾ ಬೋವಿಗೆ 2011ರಲ್ಲಿ ನೊಬೆಲ್ ಶಾಂತಿ ಪುರಸ್ಕಾರ ಸಂದಿತು. ಉತ್ತರ ಐರ್ಲೆಂಡಿನಲ್ಲಿ ಎರಡೂ ಮತಗಳ ಮಹಿಳೆಯರು 1996ರಲ್ಲಿ ತಮ್ಮದೇ ಪಕ್ಷ ಕಟ್ಟಿ ಮಾತುಕತೆಯ ಮೇಜಿಗೆ ಬಂದರು. 1998ರ ಒಪ್ಪಂದದಲ್ಲಿ ಸಂತ್ರಸ್ತರ ಹಕ್ಕು ಮತ್ತು ಎರಡೂ ಮತಗಳ ಮಕ್ಕಳು ಒಟ್ಟಿಗೆ ಓದುವ ಶಾಲೆಗಳ ಪ್ರಸ್ತಾಪ ಸೇರಿದ್ದರ ಹಿಂದೆ ಅವರ ಒತ್ತಾಯವಿತ್ತು. ಬಂದೂಕು ಹಿಡಿದವರ ಪ್ರತಿನಿಧಿಗಳಷ್ಟೇ ಕೂತಿದ್ದರೆ ಶಾಲೆಯ ಮಾತು ಅಲ್ಲಿಯೂ ಬರುತ್ತಿರಲಿಲ್ಲವೇನೋ.

ಹೆಣ್ಣು ಸ್ವಭಾವತಃ ಶಾಂತಿಪ್ರಿಯಳು ಎಂಬ ಭಾವುಕ ವಾದ ನನ್ನದಲ್ಲ. ದಲಿತ ಮಹಿಳೆ ಅಡುಗೆ ಮಾಡಿದಳೆಂದು ಮಕ್ಕಳಿಗೆ ಬಿಸಿಯೂಟ ಬಿಡಿಸಿದ ತಾಯಂದಿರೂ ಈ ನಾಡಿನಲ್ಲಿದ್ದಾರೆ. ನನ್ನ ವಾದ ಅರ್ಥಶಾಸ್ತ್ರದ್ದು. ಸಂಘರ್ಷದ ವೆಚ್ಚವನ್ನು ಯಾರು ಹೆಚ್ಚು ಭರಿಸುತ್ತಾರೋ ಅದನ್ನು ನಿಲ್ಲಿಸುವ ಆಸಕ್ತಿ ಅವರಿಗೇ ಹೆಚ್ಚು. ತುಂಗಭದ್ರಾ ಎಡದಂಡೆ ಕಾಲುವೆಯ ಗಂಗಾವತಿ ಸೀಮೆಯಲ್ಲಿ ಭತ್ತದ ನಾಟಿ, ಕಳೆ ಕೆಲಸ ಹೆಂಗಸರ ಕೈಯಲ್ಲಿದೆ. ಸಾಮಾಜಿಕ ಬಹಿಷ್ಕಾರ ಬಿದ್ದ ದಿನ ಕೂಲಿಕಾರಳ ದಿನಗೂಲಿ ನಿಲ್ಲುತ್ತದೆ, ನಾಟಿಯ ಹದ ತಪ್ಪಿ ಜಮೀನುದಾರನ ಮನೆಯ ಲೆಕ್ಕವೂ ತಪ್ಪುತ್ತದೆ. ಕುಷ್ಟಗಿ, ಯಲಬುರ್ಗಾದ ಒಣಭೂಮಿಯಲ್ಲಿ ಗಂಡಸರು ಗುಳೆ ಹೋದಾಗ ಊರಿನ ವ್ಯವಹಾರವನ್ನೆಲ್ಲ ನಡೆಸುವವರು ಹೆಂಗಸರೇ. ನೀರಿನ ಟ್ಯಾಂಕು, ನ್ಯಾಯಬೆಲೆ ಅಂಗಡಿ, ಅಂಗನವಾಡಿ, 2023ರ ಜೂನ್‌ನಿಂದ ಉಚಿತವಾದ ಬಸ್ಸು, ಇವೆಲ್ಲ ಕೇರಿ ಮತ್ತು ಊರಿನ ಹೆಂಗಸರು ದಿನವೂ ಮುಖಾಮುಖಿಯಾಗುವ ತಾಣಗಳು. ಗಂಡಸರು ಚಾವಡಿಯಲ್ಲಿ ಮಾತು ಬಿಟ್ಟರೂ ಇಲ್ಲಿ ಮಾತು ಪೂರ್ತಿ ನಿಲ್ಲುವುದಿಲ್ಲ.

ಇದನ್ನು ಬಳಸಿಕೊಳ್ಳುವ ಪ್ರಯತ್ನಗಳು ನಮ್ಮಲ್ಲಿ ನಡೆಯದೇ ಇಲ್ಲ. 1989ರಲ್ಲಿ ಕರ್ನಾಟಕದಲ್ಲಿ ಆರಂಭವಾಗಿ ಮುಂದೆ ಕೊಪ್ಪಳವನ್ನೂ ತಲುಪಿದ ಮಹಿಳಾ ಸಮಖ್ಯ ಕಾರ್ಯಕ್ರಮ, ಬಡ ದಲಿತ ಮಹಿಳೆಯರನ್ನು ಸಂಘವಾಗಿ ಕೂರಿಸಿ ಓದು, ಹಕ್ಕು, ಆರೋಗ್ಯಗಳ ಮಾತು ಕಲಿಸಿತು. ಶಾಲೆ ಬಿಟ್ಟ ಹುಡುಗಿಯರಿಗೆ ವಸತಿ ಶಿಕ್ಷಣ ಕೇಂದ್ರ ನಡೆಸಿತು. ಕೇಂದ್ರದ ನೆರವು ನಿಂತ ಮೇಲೆ ಅದು ಸೊರಗಿತು. 2002ರ ಜೂನ್‌ನಲ್ಲಿ ಅಕ್ಷರ ದಾಸೋಹ ಮೊದಲು ಜಾರಿಗೆ ಬಂದ ಉತ್ತರದ ಏಳು ಜಿಲ್ಲೆಗಳಲ್ಲಿ ಕೊಪ್ಪಳವೂ ಒಂದು. ಮಕ್ಕಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿ ಬಡಿಸಿದ ಅಡುಗೆಯವರು ಯಾವ ಶಾಂತಿ ಸಮಿತಿಯೂ ಮಾಡದ ಕೆಲಸವನ್ನು ಮಾಡಿದ್ದಾರೆ. ಗ್ರಾಮ ಪಂಚಾಯಿತಿಗಳಲ್ಲಿ ಮಹಿಳೆಯರಿಗೆ 2010ರಿಂದ ಅರ್ಧದಷ್ಟು ಸ್ಥಾನಗಳಿವೆ. ಆದರೆ ಊರು ಹೊತ್ತಿ ಉರಿದಾಗ ಸಭೆಗೆ ಕರೆಸುವುದು ಸದಸ್ಯೆಯನ್ನಲ್ಲ, ಆಕೆಯ ಗಂಡನನ್ನು.

ಇಲ್ಲೊಂದು ಗಂಭೀರ ಆಕ್ಷೇಪವನ್ನು ಎದುರಿಸಲೇಬೇಕು. ಶಾಂತಿಯ ಹೆಸರಿನಲ್ಲಿ ದೌರ್ಜನ್ಯಕ್ಕೊಳಗಾದವರ ಮೇಲೆ ರಾಜಿಯ ಒತ್ತಡ ಬರುವುದಿಲ್ಲವೇ? ಬರುತ್ತದೆ. 'ಊರಲ್ಲಿ ಬಾಳ್ವೆ ಮಾಡಬೇಕಲ್ಲ' ಎಂಬ ಮಾತು ಹೆಚ್ಚಾಗಿ ಸಂತ್ರಸ್ತ ಮನೆಯ ಹೆಂಗಸಿನ ಕಿವಿಗೇ ಬೀಳುತ್ತದೆ. ಮಿಯಾಪುರದ ಹಿಂಜರಿಕೆ ಎಲ್ಲಿಂದ ಹುಟ್ಟೀತೆಂದು ಊಹಿಸುವುದು ಕಷ್ಟವಲ್ಲ. ಆದ್ದರಿಂದ ಒಂದು ಗೆರೆ ಸ್ಪಷ್ಟವಾಗಿರಬೇಕು. 1989ರ ದೌರ್ಜನ್ಯ ತಡೆ ಕಾಯ್ದೆಯಡಿಯ ಅಪರಾಧ ಶಾಂತಿ ಸಭೆಯ ವಿಷಯವಲ್ಲ, ಅದು ನ್ಯಾಯಾಲಯದ್ದು. ಸಭೆಯ ವಿಷಯ ನಾಳೆಯ ಶಾಲೆ, ನೀರು, ಕೂಲಿ, ಅಂಗಡಿ, ದಾರಿ. ಈ ಎರಡನ್ನೂ ಬೆರೆಸಿದ್ದೇ ನಮ್ಮ ತಪ್ಪು. ನ್ಯಾಯವಿಲ್ಲದ ಶಾಂತಿ ಕೇವಲ ಮೌನ. ಹಾಗೆಂದು ತೀರ್ಪೊಂದೇ ಬಂದರೂ ಕ್ಷೌರದಂಗಡಿಯ ಬಾಗಿಲು ತಾನಾಗಿ ತೆರೆಯುವುದಿಲ್ಲ.

ಜಿಲ್ಲಾಡಳಿತ ಹೊಸ ಕಾನೂನಿಗಾಗಿ ಕಾಯದೆ ಮಾಡಬಹುದಾದ ಕೆಲವು ಕೆಲಸಗಳಿವೆ. ಮೊದಲನೆಯದಾಗಿ, ಗ್ರಾಮಮಟ್ಟದ ಪ್ರತಿ ಶಾಂತಿ ಸಭೆಯಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಪಂಚಾಯಿತಿ ಸದಸ್ಯೆಯರು, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು, ಬಿಸಿಯೂಟದ ಅಡುಗೆಯವರು, ಸ್ವಸಹಾಯ ಸಂಘಗಳ ಒಕ್ಕೂಟದವರು ಈಗಾಗಲೇ ಪ್ರತಿ ಊರಿನಲ್ಲಿದ್ದಾರೆ. ದಲಿತ ಮಹಿಳೆಯರ ಮಾತು ನಡಾವಳಿಯಲ್ಲಿ ಪ್ರತ್ಯೇಕವಾಗಿ ದಾಖಲಾಗಬೇಕು. ಎರಡನೆಯದಾಗಿ, ದೌರ್ಜನ್ಯ ತಡೆ ಕಾಯ್ದೆಯ ಜಿಲ್ಲಾ ಜಾಗೃತಿ ಮತ್ತು ಉಸ್ತುವಾರಿ ಸಮಿತಿಗೆ ಅಧಿಕಾರೇತರ ಸದಸ್ಯರನ್ನು ನೇಮಿಸುವಾಗ ದಲಿತ ಮಹಿಳೆಯರಿಗೆ ಆದ್ಯತೆ ಸಿಗಬೇಕು. ಮೂರನೆಯದಾಗಿ, ಘಟನೆ ನಡೆದ ಊರಿನ ಶಾಲೆ ಒಂದು ವಾರದೊಳಗೆ ತೆರೆದು, ಹೆಣ್ಣುಮಕ್ಕಳ ಹಾಜರಿಯನ್ನು ವರ್ಷಪೂರ್ತಿ ಹೆಸರು ಹಿಡಿದು ಗಮನಿಸಬೇಕು. ಬರಲಾಗದವರಿಗೆ ವಿದ್ಯಾರ್ಥಿನಿಲಯದಲ್ಲಿ ವರ್ಷದ ನಡುವೆಯೂ ಪ್ರವೇಶ ಕೊಡಬೇಕು. ನಾಲ್ಕನೆಯದಾಗಿ, ಸ್ವಸಹಾಯ ಸಂಘಗಳು ಆಯಾ ಕೇರಿಗೆ ಸೀಮಿತವಾಗಿದ್ದರೂ ಅವುಗಳ ಒಕ್ಕೂಟ ಪಂಚಾಯಿತಿ ಮಟ್ಟದಲ್ಲಿ ಒಂದೇ. ಅದರ ಸಭೆ ಸಂಘರ್ಷದ ತಿಂಗಳಲ್ಲಿಯೂ ತಪ್ಪದಂತೆ ನೋಡಿಕೊಳ್ಳಬೇಕು.

ಸಂವಿಧಾನದ 371(ಜೆ) ವಿಧಿಯಡಿ ವಿಶೇಷ ಸ್ಥಾನ ಪಡೆದ ಈ ಭಾಗಕ್ಕೆ ರಸ್ತೆ, ಕಟ್ಟಡಗಳಿಗಾಗಿ ಹಣ ಹರಿದುಬರುತ್ತಿದೆ. ಮೇಲಿನ ಕ್ರಮಗಳಿಗೆ ಬೇಕಾದ ಹಣ ಅದರ ಮುಂದೆ ಅತ್ಯಲ್ಪ. ಬೇಕಾಗಿರುವುದು ಸಭೆಯ ನೋಟಿಸು ಹೊರಡಿಸುವ ಅಧಿಕಾರಿ ಆಹ್ವಾನಿತರ ಪಟ್ಟಿಯನ್ನು ಇನ್ನೊಮ್ಮೆ ಓದುವ ವ್ಯವಧಾನ.

ಜೀಪಿನ ಬಳಿ ನಿಂತು ಕೇಳಿದ ಆ ತಾಯಿಗೆ ಅಂದು ನಾನು 'ನೋಡೋಣ' ಎಂದಿದ್ದೆ. ಆಕೆಯ ಮಗಳು ಮತ್ತೆ ಶಾಲೆಗೆ ಹೋದಳೋ ಇಲ್ಲವೋ ಎಂದು ವಿಚಾರಿಸುವ ಗೋಜಿಗೆ ಹೋಗಲಿಲ್ಲ. ನಡಾವಳಿಯಲ್ಲಿ ಆಕೆಯ ಪ್ರಶ್ನೆ ಇರಲಿಲ್ಲ, ಹಾಗಾಗಿ ಅದಕ್ಕೆ ಉತ್ತರ ಕೊಡುವ ಹೊಣೆಯೂ ಯಾರ ಮೇಲೂ ಬೀಳಲಿಲ್ಲ. ಇಂದು ಕೊಪ್ಪಳದಲ್ಲಿ ಆ ಕುರ್ಚಿಯಲ್ಲಿ ಕುಳಿತಿರುವ ಕಿರಿಯ ಅಧಿಕಾರಿಗಳಲ್ಲಿ ನನ್ನ ಕೋರಿಕೆ ಇಷ್ಟೇ: 'ಎಲ್ಲರೂ ಹಾಜರಿದ್ದರು' ಎಂದು ಬರೆಸುವ ಮುನ್ನ ಒಮ್ಮೆ ಬಾಗಿಲಾಚೆ ನೋಡಿ.