ಎಷ್ಟು ದುಡಿದರೆ ಸಾಕು, ಸ್ವಾಮಿ?

ಕಪ್ಪುಜನಾಂಗದ ಒಬಾಮಾ ಅಧ್ಯಕ್ಷರಾದುದನ್ನು ತೋರಿಸಿ, ಅಮೆರಿಕದಲ್ಲಿ ಇನ್ನು ಬಣ್ಣದ ಮಾತು ಸಾಕು, ದುಡಿದವರಿಗೆ ದಕ್ಕುತ್ತದೆ ಎಂದಿದ್ದಾರೆ ಕಳೆದ ಸಂಚಿಕೆಯ ಲೇಖಕರು. ಎಷ್ಟು ದುಡಿದರೆ? ಬಾಸ್ಟನ್, ಷಿಕಾಗೋಗಳ ಕೆಲಸದ ಜಾಹೀರಾತುಗಳಿಗೆ ಇಬ್ಬರು ಅರ್ಥಶಾಸ್ತ್ರಜ್ಞರು ಸುಮಾರು 5,000 ಕಲ್ಪಿತ ಅರ್ಜಿ ಕಳಿಸಿ, 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಮಿಲಿ, ಗ್ರೆಗ್ ಎಂಬಂಥ ಬಿಳಿಯರ ಹೆಸರಿದ್ದರೆ ಸುಮಾರು 10 ಅರ್ಜಿಗೊಂದು ಕರೆ. ಲಕೀಶಾ, ಜಮಾಲ್ ಎಂದಿದ್ದರೆ 15ಕ್ಕೊಂದು. ಓದು, ಅನುಭವ ಸಮಸಮ. ಅರ್ಹತೆ ಹೆಚ್ಚಿಸಿ ಬರೆದಾಗ ಬಿಳಿಯ ಹೆಸರುಗಳಿಗೆ ಕರೆ ಶೇ. 30ರಷ್ಟು ಏರಿತು, ಕಪ್ಪುಜನರ ಹೆಸರುಗಳಿಗೆ ಏರಿದ್ದು ತೀರಾ ಅಲ್ಪ. ‘ಇನ್ನಷ್ಟು ಕಷ್ಟಪಡಲಿ’ ಎಂಬ ಉಪದೇಶ ಮುಗ್ಗರಿಸುವುದು ಇಲ್ಲೇ.

ಇನ್ನು ಒಬಾಮಾ. ಶ್ವೇತಭವನದಲ್ಲಿ ಕೂತ ಮೇಲೂ, 2011ರಲ್ಲಿ, ಅಮೆರಿಕದಲ್ಲಿ ಹುಟ್ಟಿದವರೇ ಅಲ್ಲವೆಂಬ ಗುಲ್ಲಿಗೆ ಉತ್ತರವಾಗಿ, ತಾನು ಹವಾಯಿಯಲ್ಲೇ ಹುಟ್ಟಿದವನೆಂದು ಜನನ ಪತ್ರ ಬಿಡುಗಡೆ ಮಾಡಬೇಕಾಯಿತು. ಯಾವ ದುಡಿಮೆ ಕಡಿಮೆಯಾಗಿತ್ತು ಅವರಿಗೆ?